ಹಿಮ್ಮಡಿಯ ಮೇಲಿನ ಭಾರ

ಭಾನುವಾರ, ಬೆಳಗ್ಗೆ ಆರೂವರೆ. ಹರಪನಹಳ್ಳಿ.

ಮಾಗಳದ ನನ್ನ ಗೆಳತಿ ರೇಣುಕಾ ಹಿಮದಲ್ಲಿ ಬಿದ್ದು ಮೊಣಕಾಲಿಗೆ ಪೆಟ್ಟು ಮಾಡಿಕೊಂಡದ್ದು ಅವಳ ತಪ್ಪಿನಿಂದಲ್ಲ. ನಾನು ಅವಳಿಗೆ ಸುಳ್ಳು ಹೇಳಿದ್ದರಿಂದ.

ಮೂರು ವರ್ಷದ ಹಿಂದೆ ನಮ್ಮ ಕಾಲೇಜಿನಿಂದ ನಾವಿಬ್ಬರೇ ಹಿಮಾಲಯದ ಸ್ಕೀಯಿಂಗ್ ಶಿಬಿರಕ್ಕೆ ಹೋಗಿದ್ದೆವು. ಕಲಿಸುವವರು ಹಿಂದಿಯವರು. ರೇಣುಕಾಗೆ ಹಿಂದಿ ಬಾರದು, ನನಗೆ ಬರುತ್ತಿತ್ತು. "ಇಲ್ಲಿ ನನ್ನ ಕಿವಿ ನೀನ ನೋಡಲೇ" ಎಂದು ನಗುತ್ತಿದ್ದಳು.

ಮೆಕ್ಕೆಜೋಳದ ರಾಶಿಯಿಂದ ಇಳಿಯುವಾಗ ಕಾಳು ಜಾರುತ್ತದೆಂದು ನಾವು ಹಿಮ್ಮಡಿ ಊರಿ ಹಿಂದಕ್ಕೆ ವಾಲುತ್ತೇವಲ್ಲ, ಹಿಮದ ಮೇಲೂ ಇಬ್ಬರೂ ಹಾಗೇ ನಿಂತೆವು. ಅಲ್ಲಿ ಹಾಗೆ ನಿಂತರೆ ಕಾಲಿಗೆ ಕಟ್ಟಿದ ಉದ್ದನೆಯ ಸ್ಕೀ ಪಟ್ಟಿಗಳು ಮಾತು ಕೇಳುವುದಿಲ್ಲ, ಓಟ ಮಾತ್ರ ಹೆಚ್ಚುತ್ತದೆ. ಮೊಣಕಾಲು ಬಗ್ಗಿಸಿ, ಕಣಕಾಲು ಬೂಟಿನ ಮುಂಭಾಗಕ್ಕೆ ಒತ್ತುವಂತೆ ಮುಂದಕ್ಕೆ ಬಾಗಬೇಕು. ನಾನು ಅಂಜುತ್ತಾ ಕಲಿತೆ. ಅವಳು ಹಿಂದಕ್ಕೆ ವಾಲಿಕೊಂಡೇ ನನಗಿಂತ ಚೆನ್ನಾಗಿ ಜಾರುತ್ತಿದ್ದಳು.

ಮುಂದಿನ ಹಂತಕ್ಕೆ ನಮ್ಮಿಬ್ಬರಲ್ಲಿ ಒಬ್ಬರಿಗಷ್ಟೇ ಅವಕಾಶ. ಕಲಿಸುವವರು ನನ್ನನ್ನು ಕರೆದು, ಅವಳು ಭಾರ ಮುಂದಕ್ಕೆ ತರಲಿ, ಇಲ್ಲದಿದ್ದರೆ ಮೊಣಕಾಲು ಹೋಗುತ್ತದೆ, ಅದೊಂದು ಸರಿಯಾದರೆ ಅವಳನ್ನೇ ಕಳಿಸುತ್ತೇನೆ ಎಂದರು.

"ಏನಂದ್ರಲೇ?"

"ಛಲೋ ನಿಂತೀಯಂತ. ಹಂಗ ಇರು."

ಆ ಮಧ್ಯಾಹ್ನವೇ ಬಿದ್ದಳು. ಮುಂದಿನ ಹಂತಕ್ಕೆ ನಾನು ಹೋದೆ. ಪ್ರತಿದಿನ ಬಿದ್ದ ಲೆಕ್ಕ ಬರೆದಿಡುವವಳು ನಾನು — ಆ ದಿನದ ಡೈರಿಯಲ್ಲಿ, ನಾನು ಎರಡು ಸಲ, ಅವಳು ಒಂದು ಸಲ ಎಂದಷ್ಟೇ ಇದೆ.

ನಿನ್ನೆ ಬಸ್ ನಿಲ್ದಾಣದಲ್ಲಿ ಸಿಕ್ಕಳು. ಮೆಟ್ಟಿಲಿಳಿಯಲು ಈಗಲೂ ಕಂಬಿ ಬೇಕು. ಈ ಸಲ ಅವಳ ತಂಗಿಗೆ ಶಿಬಿರಕ್ಕೆ ಹೋಗುವ ಆಸೆಯಂತೆ.

"ಬ್ಯಾಡ ಅಂದೀನಿ. ನಮ್ಮ ಮನಿ ಮಂದಿ ಕಾಲಿಗೆ ಹಿಮ ಒಗ್ಗಂಗಿಲ್ಲ ಬಿಡಲೇ. ನೀನಾದ್ರೂ ಕಲತಿ, ಅಷ್ಟ ಸಾಕು."

ಆಗಲೂ ನಾನು — ಬಸ್ಸು ಬಂತೆಂದು ಹತ್ತಿಬಿಟ್ಟೆ.

ಎಂಟರ ಬಸ್ಸಿಗೆ ಮಾಗಳಕ್ಕೆ ಹೊರಟಿದ್ದೇನೆ. ಅಂದು ಕಲಿಸುವವರು ಹೇಳಿದ್ದನ್ನು ತಂಗಿಯ ಎದುರಿಗೇ ಹೇಳುತ್ತೇನೆ. ಆಮೇಲೆ ರೇಣುಕಾ ನನ್ನನ್ನು ಮಾತಾಡಿಸದಿದ್ದರೆ — ಅದು ಅವಳಿಗೆ ಬಿಟ್ಟದ್ದು.

ಪೆಟ್ಟಾದ ಮೊಣಕಾಲಿನವರು ಮತ್ತೆ ಮುಂದಕ್ಕೆ ಬಾಗಿ ನಿಲ್ಲಲು ಕಲಿಯಬಹುದೇ, ಇದನ್ನು ಓದಿದವರಲ್ಲಿ ಬಲ್ಲವರಿದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ಹಿಂದಿಯಲ್ಲಾದರೂ ಸರಿ. ಅವಳು ಕೇಳುವುದಾದರೆ, ಒಂದು ಮಾತೂ ಬಿಡದೆ ಹೇಳುತ್ತೇನೆ.