ಹೆಸರಿನ ಜಾಗ

ಮಸ್ಕಿಯಲ್ಲಿ ಯಾರಾದರೂ ಸತ್ತರೆ, ಹೆಣಕ್ಕೆ ನೀರು ಹಾಕುವ ಮೊದಲು ಆದೆಮ್ಮನಿಗೆ ಹೇಳಿಕಳಿಸುತ್ತಿದ್ದರು. ನಿಜಾಮನ ಕಾಲದ ಮಾತು. ಬಳಗಾನೂರು, ತುರ್ವಿಹಾಳದಿಂದಲೂ ಬಂಡಿ ಬರುತ್ತಿತ್ತು. ಸಿಂಧನೂರಿನ ದೊಡ್ಡ ಮನೆಯವರು ಉಳಿದ ದಿನಗಳಲ್ಲಿ ಅವಳ ನೆರಳು ಕಂಡರೂ ಮೂಗು ಮುರಿಯುತ್ತಿದ್ದರು. ಮನೆಯಲ್ಲಿ ಸಾವಾದಾಗ ಮಾತ್ರ ಅವರ ಬಂಡಿಯೇ ಎಲ್ಲಕ್ಕಿಂತ ಮುಂದೆ ಬರುತ್ತಿತ್ತು. ಅವಳು ಹಾಡುತ್ತಿದ್ದದ್ದು ಒಂದೇ ಹಾಡು, ಮೂರು ನುಡಿ. ಮೂರನೆಯ ನುಡಿಯ ಕೊನೆಯಲ್ಲಿ ನಾಲ್ಕು ಮಾತ್ರೆಯಷ್ಟು ಜಾಗ ಬರುತ್ತದೆ. ಅಲ್ಲಿ ಸತ್ತವರ ಹೆಸರು ಹಾಡಬೇಕು. ಹಾಡಿದ ಮೇಲೆ ಸತ್ತವರು ಮನೆ ಬಿಟ್ಟು ಹೊರಟರೆಂದು ಲೆಕ್ಕ.

ಹೆಣವಿಲ್ಲದೆ ಆ ಹಾಡನ್ನು ಬಾಯಿಗೆ ತರುವಂತಿರಲಿಲ್ಲ. ಹಾಗಾದರೆ ಮಗಳಿಗೆ ಕಲಿಸುವುದು ಹೇಗೆ? ಅದಕ್ಕೂ ಒಂದು ದಾರಿಯಿತ್ತು. ಆದೆಮ್ಮ ಮಸ್ಕಿ ಹಳ್ಳದಿಂದ ಕೂಸಿನ ಗಾತ್ರದ ಒಂದು ಕಲ್ಲು ತಂದು, ಮುಂದೆ ಮಲಗಿಸಿ, ಬಟ್ಟೆ ಹೊದಿಸುತ್ತಿದ್ದಳು. ಹೆಸರಿನ ಜಾಗದಲ್ಲಿ ‘ಕಲ್ಲವ್ವ’ ಎಂದು ಹಾಡಿಸುತ್ತಿದ್ದಳು. ಪಾಠ ಮುಗಿದ ಮೇಲೆ ಮಗಳು ಗ್ಯಾನಮ್ಮ ಆ ಕಲ್ಲನ್ನು ಹಳ್ಳದ ನೀರಿಗೆ ಬಿಟ್ಟು ಹಿಂದೆ ನೋಡದೆ ಬರಬೇಕು.

"ಹೆಸರು ಹಾಡದ ಬಿಟ್ರ ಏನಾಕೈತಿ ಬೇ?" ಎಂದು ಗ್ಯಾನಮ್ಮ ಒಮ್ಮೆ ಕೇಳಿದ್ದಳು.

"ಜಾಗ ಖಾಲಿ ಇಡಬಾರದು. ನಾವು ತುಂಬಲಿಲ್ಲಂದ್ರ ಅದು ತಾನ ತುಂಬಿಕೋತೈತಿ."

ತಂದೆ ಅಂಬಪ್ಪ ಲಿಂಗಸುಗೂರಿನ ಮಿಶನ್ ಬಂಗಲೆಯಲ್ಲಿ ಮಾಲಿ. ಅವನು ದೀಕ್ಷಾಸ್ನಾನ ಮಾಡಿಸಿಕೊಂಡಿದ್ದ, ಮಗಳಿಗೂ ಮಾಡಿಸಿದ್ದ. ಆದೆಮ್ಮ ಮಾತ್ರ ಮಸ್ಕಿ ಬಿಟ್ಟು ಕದಲಲಿಲ್ಲ, ಹಾಡನ್ನೂ ಬಿಡಲಿಲ್ಲ. ಗ್ಯಾನಮ್ಮ ಮಿಶನ್ ಶಾಲೆಯಲ್ಲಿ ಓದಿದಳು. ಹಿಂದೆ ಊರಲ್ಲಿ ಬೀಡುಬಿಟ್ಟಿದ್ದ ದಂಡಿನ ಸೈನಿಕರು ಇಗರ್ಜಿಯಲ್ಲಿ ಬಿಟ್ಟುಹೋಗಿದ್ದ ಕಾಲುತಿದಿಯ ಆರ್ಗನ್ ಪೆಟ್ಟಿಗೆಯನ್ನು ಯಾರೂ ಕಲಿಸದೆ ನುಡಿಸತೊಡಗಿದಳು. ಶಾಲೆಯ ಹಿರಿಯ ಬಿಳಿ ಹೆಣ್ಣುಮಗಳು, ಊರವರ ಬಾಯಲ್ಲಿ ಮಿಸ್ಸಮ್ಮ, ಅದನ್ನು ಕೇಳಿ ಅವಳನ್ನು ಸಂಗೀತದ ಡಿಗ್ರಿ ಓದಲು ಉತ್ತರದ ಒಂದು ಕ್ರೈಸ್ತ ವಿಶ್ವವಿದ್ಯಾಲಯಕ್ಕೆ ಕಳಿಸಿದಳು. ಹಾಡಲಿಕ್ಕೆ ಡಿಗ್ರಿ ಯಾಕೆ ಬೇಕೆಂದು ಮಸ್ಕಿಯ ಜನ ನಕ್ಕರು. ಅಂಬಪ್ಪ ನಗಲಿಲ್ಲ. ರಾಯಚೂರು ಸ್ಟೇಷನ್ನಿನಲ್ಲಿ ರುಮಾಲು ಬಿಚ್ಚಿ ಕಣ್ಣೊರೆಸಿಕೊಂಡು, "ನೀ ಓದಿ ಬರೋತನಕ ನಾ ಸಾಯಂಗಿಲ್ಲ, ಹೋಗು" ಎಂದ.

ಅಲ್ಲಿ ಮೊದಲ ಎರಡು ವರ್ಷ ಅವಳಿಗೆ ಸಾಕುಸಾಕಾಯಿತು. ಸ್ವರಗಳನ್ನು ಐದು ಗೆರೆಗಳ ಮೇಲೆ ಬರೆಯಬೇಕು, ನಾಲ್ಕು ಕಂಠ ನಾಲ್ಕು ದಾರಿಯಲ್ಲಿ ಹೋಗಿ ಒಂದೇ ಕಡೆ ಸೇರಬೇಕು. ತಾಳಕ್ಕೆ ಮೇಜಿನ ಮೇಲೆ ಟಿಕ್ ಟಿಕ್ ಎನ್ನುವ ಕಡ್ಡಿಯ ಯಂತ್ರ. ಅರ್ಧ ಮಾತ್ರೆ ತಪ್ಪಿದರೂ ಸಂಗೀತದ ಪ್ರೊಫೆಸರಮ್ಮ ಪೆನ್ಸಿಲಿನಿಂದ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದಳು. ಗ್ಯಾನಮ್ಮ ಹಟ ಹಿಡಿದು ಕಲಿತಳು. ಅವಳ ಲೆಕ್ಕ ತಪ್ಪುವುದೇ ಇಲ್ಲವೆಂದು ಆ ಪ್ರೊಫೆಸರಮ್ಮನೇ ಹೇಳುವಂತಾಯಿತು.

ಕೊನೆಯ ಪರೀಕ್ಷೆಗೆ ತಂತಮ್ಮ ಊರಿನ ಒಂದು ಹಾಡನ್ನು ನಾಲ್ಕು ಕಂಠಕ್ಕೂ ಆರ್ಗನ್ನಿಗೂ ಹೊಂದಿಸಿ ಬರೆಯಬೇಕಿತ್ತು. ಗ್ಯಾನಮ್ಮನಿಗೆ ಚೆನ್ನಾಗಿ ಬರುತ್ತಿದ್ದ ಊರಿನ ಹಾಡು ಅದೊಂದೇ. ಬರೆದಳು. ನಾಲ್ಕು ಮಾತ್ರೆಯ ಜಾಗದಲ್ಲಿ ‘ಹೆಸರು’ ಎಂದಷ್ಟೇ ಬರೆದದ್ದರ ಮೇಲೆ ಪ್ರೊಫೆಸರಮ್ಮ ಬೆರಳಿಟ್ಟು, ಇಲ್ಲಿ ಯಾರ ಹೆಸರು ಎಂದು ಕೇಳಿದಳು. ಕಲ್ಲು ತರಬೇಕು, ಬಟ್ಟೆ ಹೊದಿಸಬೇಕು, ಆಮೇಲೆ ನೀರಿಗೆ ಬಿಡಬೇಕು ಎಂದು ಹೇಳಲು ಗ್ಯಾನಮ್ಮನಿಗೆ ನಾಲಗೆ ಏಳಲಿಲ್ಲ. ಹಳ್ಳದ ಕಲ್ಲಿಗೆ ಹೆಣದ ಉಪಚಾರ ಮಾಡುವವರ ಮಗಳೆಂದು ಆ ಬಿಳಿ ಗೋಡೆಗಳ ನಡುವೆ ಹೇಳಿಕೊಳ್ಳುವುದು ಹೇಗೆ? "ಅಲ್ಲಿ ಯಾರೂ ಹಾಡುವುದಿಲ್ಲ, ಆರ್ಗನ್ ಮಾತ್ರ ನುಡಿಯುತ್ತದೆ" ಎಂದುಬಿಟ್ಟಳು. ಇಡೀ ಹಾಡಿನ ಸೊಗಸೇ ಆ ನಾಲ್ಕು ಮಾತ್ರೆಯ ಮೌನದಲ್ಲಿದೆ ಎಂದು ಪ್ರೊಫೆಸರಮ್ಮ ಮೆಚ್ಚಿಕೊಂಡಳು.

ಪರೀಕ್ಷೆಯ ದಿನ ಮಧ್ಯಾಹ್ನ ಮೂರು ಗಂಟೆ. ಕಿಟಕಿಗಳೆಲ್ಲ ತೆರೆದಿದ್ದವು, ಬಿಸಿಲು ನೆಲದ ಮೇಲೆ ಬಿದ್ದಿತ್ತು. ಹದಿನಾರು ಹುಡುಗಿಯರು ಕನ್ನಡ ಬಾರದಿದ್ದರೂ ಒಂದೊಂದು ಅಕ್ಷರ ಬಾಯಿಪಾಠ ಮಾಡಿಕೊಂಡು ಹಾಡಿದರು. ಅಭ್ಯಾಸವೆಲ್ಲ ತುಂಡುತುಂಡಾಗಿ ನಡೆದಿತ್ತು, ಮೂರು ನುಡಿಯನ್ನೂ ಕೊನೆಯವರೆಗೆ ಒಟ್ಟಿಗೆ ಹಾಡಿದ್ದು ಅದೇ ಮೊದಲು. ಮೂರನೆಯ ನುಡಿ ಮುಗಿಯಿತು, ಎಲ್ಲರೂ ಬಾಯಿ ಮುಚ್ಚಿದರು. ಗ್ಯಾನಮ್ಮನ ಬೆರಳು ನಾಲ್ಕು ಮಾತ್ರೆ ನುಡಿಸಿದವು. ಆ ನಾಲ್ಕು ಮಾತ್ರೆಯಲ್ಲಿ ಯಾರೋ ‘ಅಂಬಪ್ಪ’ ಎಂದು ಹಾಡಿದರು.

ಗಂಡಸಿನ ದನಿಯಲ್ಲ, ಹೆಂಗಸಿನದೂ ಅಲ್ಲ. ಸ್ವರ ಮಾತ್ರ ಸರಿಯಾಗಿತ್ತು, ಒಂದು ಎಳೆಯೂ ಆಚೀಚೆ ಆಗಿರಲಿಲ್ಲ. ಆಗಲೂ ಗ್ಯಾನಮ್ಮನ ಲೆಕ್ಕ ತಪ್ಪಲಿಲ್ಲ. ಹಾಡು ಮುಗಿದ ಮೇಲೆ, ಸಾಲಿನ ತುದಿಯಲ್ಲಿ ಗೋಡೆಗೆ ಒತ್ತಿ ನಿಂತಿದ್ದ ನೆಲ್ಲೂರಿನ ಹುಡುಗಿ ಪಕ್ಕಕ್ಕೆ ಕರೆದು, ನನ್ನ ಹಿಂದೆ ನಿಂತು ಹಾಡಿದವರು ಯಾರು ಎಂದು ಕೇಳಿದಳು. ಅವಳ ಹಿಂದೆ ಗೋಡೆ ಬಿಟ್ಟು ಬೇರೇನೂ ಇರಲಿಲ್ಲ.

ಗ್ಯಾನಮ್ಮ ಮೊದಲ ದರ್ಜೆಯಲ್ಲಿ ಪಾಸಾದಳು. ಫಲಿತಾಂಶ ಬಂದ ದಿನವೇ ಲಿಂಗಸುಗೂರಿನಿಂದ ತಂತಿಯೂ ಬಂತು. ಅಂಬಪ್ಪ ಗುಲಾಬಿ ಗಿಡಕ್ಕೆ ನೀರು ಹಾಕುತ್ತಿದ್ದವನು ಕುಳಿತಲ್ಲೇ ಹೋಗಿದ್ದ.

ಡಿಗ್ರಿಯ ಕಾಗದ ಹಿಡಿದು ಬಂದವಳು ಲಿಂಗಸುಗೂರಿನ ಶಾಲೆಯಲ್ಲೇ ಸಂಗೀತದ ಮಾಸ್ತರಣಿಯಾದಳು. ಅಪ್ಪನಿಗೆ ವಯಸ್ಸಾಗಿತ್ತು, ಅದು ಕಾಕತಾಳೀಯ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಓದಿದವರಿಗೆ ಇಂಥ ಪದಗಳು ಬಲು ಬೇಗ ಸಿಗುತ್ತವೆ. ಅಷ್ಟರಲ್ಲಿ ಪ್ರೊಫೆಸರಮ್ಮ ಆ ಹಾಡನ್ನು ಅಚ್ಚು ಹಾಕಿಸಿ, ಪಾಸಾಗಿ ಹೋದ ಹುಡುಗಿಯರಿಗೆಲ್ಲ ಕಳಿಸಿದ್ದಳು. ಲಿಂಗಸುಗೂರಿಗೂ ಒಂದು ಕಟ್ಟು ಬಂತು. ಮಿಸ್ಸಮ್ಮ ಹಿಗ್ಗಿಹೋಗಿ, ಶಾಲೆಯ ವಾರ್ಷಿಕ ದಿನಕ್ಕೆ ಮಕ್ಕಳಿಂದ ಹಾಡಿಸು ಎಂದಳು. ಮೊದಲ ಅಭ್ಯಾಸ ಬೆಳಿಗ್ಗೆ ಹತ್ತಕ್ಕೆ ಇಗರ್ಜಿಯಲ್ಲಿ ನಡೆಯಿತು. ಖಾಲಿ ಜಾಗದಲ್ಲಿ ಅದೇ ದನಿ ‘ಅಮರಗುಂಡಪ್ಪ’ ಎಂದಿತು. ಅಮರಗುಂಡಪ್ಪ ಶಾಲೆಯ ಗಂಟೆ ಹೊಡೆಯುವವನು. ಹೊರಗೆ ಬಾಗಿಲ ಬಳಿ ನಿಂತು ತಲೆದೂಗುತ್ತಿದ್ದವನು ತನ್ನನ್ನೇ ಕರೆದರೆಂದು, "ಬಂದ್ನಿರೀ" ಎಂದು ಓಗೊಟ್ಟ. ಮೂರನೆಯ ದಿನ ಗಂಟೆ ಹೊಡೆಯುವವರು ಇರಲಿಲ್ಲ.

ಗ್ಯಾನಮ್ಮ ಕಟ್ಟನ್ನು ತನ್ನ ಟ್ರಂಕಿನ ತಳಕ್ಕೆ ತುರುಕಿ ಬೀಗ ಹಾಕಿದಳು. ಬೀಗ ಹಾಕಿ ಏನು ಬಂತು? ತಿಂಗಳೊಳಗೆ ನೆಲ್ಲೂರಿನಿಂದ ಪತ್ರ ಬಂತು. ‘ಭಾನುವಾರ ನಿನ್ನ ಹಾಡು ಹಾಡಿದೆವು. ಖಾಲಿ ಜಾಗದಲ್ಲಿ ನಮ್ಮ ಪಾದ್ರಿಯ ಹೆಸರು ಕೇಳಿಸಿತು. ನಾಲ್ಕು ದಿನಕ್ಕೆ ಅವರು ಹೋದರು. ಇದು ನಿಮ್ಮ ಕಡೆಯ ಪದ್ಧತಿಯೇ?’

ಪತ್ರ ಓದಿದವಳೇ ಮೋಟಾರು ಹತ್ತಿ ಮಸ್ಕಿಗೆ ಹೋದಳು. ಆದೆಮ್ಮ ಗುಡ್ಡದ ಕಡೆಗೆ ಮುಖ ಮಾಡಿ ಅಂಗಳದಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ಮಗಳು ಹೇಳುವುದನ್ನೆಲ್ಲ ಮೊರದಿಂದ ತಲೆ ಎತ್ತದೆ ಕೇಳಿದಳು.

"ನಿಮ್ಮಪ್ಪನ ಹೆಸರೂ ಕೇಳಿತ್ತೇನು?"

"ಹೂಂ ಬೇ."

ಆದೆಮ್ಮನ ಕೈ ನಿಂತಿತು. ಬೈಗುಳ ಬರುತ್ತದೆಂದು ಗ್ಯಾನಮ್ಮ ಕಾದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಕಲ್ಲು ಇಡಾಕ ನಾಚಿಕಿ ಬಂತೇನು?"

ಗ್ಯಾನಮ್ಮ ತಲೆ ತಗ್ಗಿಸಿದಳು.

"ಎಷ್ಟು ಊರಿಗೆ ಹೋಗ್ಯಾವ ಆ ಕಾಗದ?"

"ಹದಿನಾರು."

"ಹದಿನಾರು ಊರಿಗೆ ನಾ ಕಲ್ಲು ಹೊರಾಕ ಆಗಂಗಿಲ್ಲ." ಆದೆಮ್ಮ ಮತ್ತೆ ಜೋಳಕ್ಕೆ ಕೈಹಾಕಿದಳು. "ಜಾಗ ತೆರೆದಾಕಿ ನೀ. ನೀ ನುಡಿಸೋ ಪೆಟ್ಟಿಗಿ ಮುಂದನ ಅದನ್ನ ತುಂಬಬೇಕು. ಒಮ್ಮಿ ಸರಿಯಾಗಿ ತುಂಬಿದ್ರ ಎಲ್ಲಾ ಕಡಿಗೂ ತುಂಬತೈತಿ. ಐತವಾರ ಬರ್ತೀನಿ. ಕಲ್ಲು ನಾ ತರ್ತೀನಿ."

ಭಾನುವಾರ ಪ್ರಾರ್ಥನೆ ಮುಗಿದು ಜನ ಚದುರಿದ ಮೇಲೆ ಆದೆಮ್ಮ ಲಿಂಗಸುಗೂರಿನ ಇಗರ್ಜಿಯೊಳಗೆ ಕಾಲಿಟ್ಟಳು. ಅವಳು ಅಲ್ಲಿಗೆ ಬಂದದ್ದು ಅದೇ ಮೊದಲು. ಕಂಕುಳಲ್ಲಿ ಬಟ್ಟೆಯ ಗಂಟು. ಅದನ್ನು ಮುಂದಿನ ಬೆಂಚಿನ ಮೇಲೆ ಕೂಸಿನಂತೆ ಮಲಗಿಸಿ, ಪಕ್ಕದಲ್ಲಿ ಕುಳಿತಳು.

"ಕಲ್ಲವ್ವ ಅಂತೀಯಲ್ಲ ಬೇ?" ಎಂದು ಗ್ಯಾನಮ್ಮ ಕೇಳಿದಳು. ಇನ್ನೊಂದು ಹೆಸರು ಆ ದನಿಯ ಬಾಯಲ್ಲಿ ಬಂದರೆ ಅದು ತಾಯಿಯದೇ ಎಂಬ ಹೆದರಿಕೆ ಮೂರು ದಿನದಿಂದ ಅವಳನ್ನು ಹಿಂಡುತ್ತಿತ್ತು.

"ನುಡಿಸು. ಲೆಕ್ಕ ತಪ್ಪಬ್ಯಾಡ."

ಗ್ಯಾನಮ್ಮ ತಿದಿ ಒತ್ತಿದಳು. ಆದೆಮ್ಮ ಹಾಡಿದಳು. ನಾಲ್ಕು ಕಂಠಕ್ಕೆ ಬರೆದದ್ದನ್ನೆಲ್ಲ ಆ ಒಂದು ಒಡೆದ ಕಂಠವೇ ತುಂಬಿತು. ಮೂರನೆಯ ನುಡಿ ಮುಗಿಯುತ್ತಲೇ ಬೆನ್ನ ಹಿಂದೆ ಯಾರೋ ಹಾಡಲು ಉಸಿರೆಳೆದುಕೊಂಡದ್ದು ಗ್ಯಾನಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು. ಆ ಉಸಿರು ದನಿಯಾಗುವಷ್ಟರಲ್ಲಿ ಆದೆಮ್ಮ ಎದ್ದು ನಿಂತು, ‘ಆದೆಮ್ಮ’ ಎಂದು ನಾಲ್ಕೂ ಮಾತ್ರೆ ತುಂಬ ಹಾಡಿದಳು.

ಉಸಿರು ಅಲ್ಲಿಗೇ ನಿಂತಿತು.

ಗ್ಯಾನಮ್ಮ ಪೆಟ್ಟಿಗೆ ಬಿಟ್ಟು ಓಡಿಬಂದು ಗಂಟು ಬಿಚ್ಚಿದಳು. ಅದರೊಳಗೆ ಕಲ್ಲು ಇರಲಿಲ್ಲ. ಮಡಿಕೆ ಬಿಚ್ಚದ ಹೊಸ ಸೀರೆ, ಅರಿಶಿನದ ಕೊಂಬು, ಒಂದು ಹಿಡಿ ಮಸ್ಕಿಯ ಮಣ್ಣು. ಹೆಣಕ್ಕೆ ಬೇಕಾದದ್ದೆಲ್ಲ ಇತ್ತು.

"ಮೋಸ ಮಾಡಿದಿ ಬೇ," ಎಂದು ಗ್ಯಾನಮ್ಮ ಅತ್ತಳು.

"ಮಂದಿ ಹೆಸರು ತಿಂದು ರುಚಿ ಹತ್ತೈತಿ ಅದಕ್ಕ. ಇನ್ನ ಕಲ್ಲಿಗೆ ಕೇಳಂಗಿಲ್ಲ," ಎಂದು ಆದೆಮ್ಮ ಅವಳ ತಲೆಯ ಮೇಲೆ ಕೈಯಿಟ್ಟಳು. "ನಾ ಹಾಡಿ ಕಳಿಸಿದವರು ಭಾಳ ಮಂದಿ ಆಗ್ಯಾರ. ಯಾರೂ ಹೋಗದ ದಾರಿ ಏನಲ್ಲ ಅದು. ಅಳಬ್ಯಾಡ."

ಮೂರನೆಯ ದಿನ ಅವಳು ಮಸ್ಕಿಯಲ್ಲಿ ತೀರಿಕೊಂಡಳು. ಹೆಣದ ಮುಂದೆ ಗ್ಯಾನಮ್ಮ ಕಾಗದವಿಲ್ಲದೆ, ಪೆಟ್ಟಿಗೆಯಿಲ್ಲದೆ ಹಾಡಿದಳು. ದೀಕ್ಷೆ ಪಡೆದ ಮಾಸ್ತರಣಿ ಹೀಗೆ ಹಾಡಬಹುದೇ ಎಂದು ಮಿಸ್ಸಮ್ಮ ಆಮೇಲೆ ಮುಖ ಗಂಟಿಕ್ಕಿದಳಂತೆ. ಗ್ಯಾನಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ.

ನೆಲ್ಲೂರಿನಿಂದ ಮತ್ತೆ ಪತ್ರ ಬಂತು, ಆಮೇಲೆ ಬೇರೆ ಊರುಗಳಿಂದಲೂ ಬಂತು. ಖಾಲಿ ಜಾಗದಲ್ಲಿ ಈಗ ಯಾವಾಗಲೂ ಒಂದೇ ಹೆಸರು, ಒಬ್ಬ ಮುದುಕಿಯ ಒಡೆದ ಕಂಠ. ಹಾಡಿದ ಮೇಲೆ ಯಾರಿಗೂ ಏನೂ ಆಗುವುದಿಲ್ಲ. ‘ಆದೆಮ್ಮ ಅಂದರೆ ಯಾರು?’ ಎಂದು ಎಲ್ಲ ಪತ್ರಗಳಲ್ಲೂ ಕೇಳಿದ್ದರು.

ಗ್ಯಾನಮ್ಮ ಆ ಶಾಲೆಯಲ್ಲಿ ನಿಜಾಮನ ಬಾವುಟ ಇಳಿಯುವವರೆಗೂ ಕಲಿಸಿದಳು. ಅರ್ಧ ಮಾತ್ರೆ ತಪ್ಪಿದ ಮಕ್ಕಳ ಗೆಣ್ಣಿಗೆ ಪೆನ್ಸಿಲಿನಿಂದ ಹೊಡೆಯುವುದರಲ್ಲಿ ತನ್ನ ಪ್ರೊಫೆಸರಮ್ಮನನ್ನೇ ಮೀರಿಸಿದ್ದಳು. ಭಾನುವಾರ ಜನವೆಲ್ಲ ಹೋದ ಮೇಲೆ ಇಗರ್ಜಿಯ ಬಾಗಿಲು ಮುಚ್ಚಿಕೊಂಡು ಆ ಹಾಡನ್ನು ಒಮ್ಮೆ ನುಡಿಸುತ್ತಿದ್ದಳು. ಕಾಗದದಲ್ಲಿ ಹೆಸರಿಗೆ ನಾಲ್ಕು ಮಾತ್ರೆ ಎಂದು ಅವಳೇ ಬರೆದಿದ್ದಳು. ನುಡಿಸುವಾಗ ಮಾತ್ರ, ತಾಯಿಯ ದನಿ ಬಂದ ಮೇಲೆ, ನಾಲ್ಕು ಮಾತ್ರೆ ಕಳೆದರೂ ಬೆರಳು ಎತ್ತುತ್ತಿರಲಿಲ್ಲ, ತಿದಿಯಲ್ಲಿ ಗಾಳಿ ಇರುವಷ್ಟು ಹೊತ್ತೂ ಒತ್ತಿ ಹಿಡಿದಿರುತ್ತಿದ್ದಳು.