ಇಬ್ಬರೂ ಸರಿದ ಮೇಲೆ

...ಇಲ್ಲ, ಆವತ್ತು ಚಹಾಕ್ಕೆ ಹೋದವನು ನಾನೇ ಇರಬೇಕು. ಇಸ್ಮಾಯಿಲ್ ಭಾಯಿ ಹೋಗಿದ್ದು ನಮಾಜಿಗೆ. ಈ ಕ್ರಮದ ಮೇಲೆ ನನಗೆ ಪೂರ್ತಿ ಭರವಸೆಯಿಲ್ಲ. ನನ್ನ ಅನುಕೂಲಕ್ಕೆ ನಾನೇ ಹೀಗೆ ಜೋಡಿಸಿಕೊಂಡಿದ್ದರೂ ಇರಬಹುದು.

ಬೀದರಿನಲ್ಲಿ ನಾವಿಬ್ಬರೂ ಪಾಲಿನಲ್ಲಿ ಮುದ್ರಣಾಲಯ ನಡೆಸುತ್ತಿದ್ದೆವು. ಕೆಲಸವೆಲ್ಲ ಒಂದೇ ಕಡೆ ಇರಲೆಂದು ಹಳೆಯ ಕಂಪ್ಯೂಟರೊಂದನ್ನು ಫೈಲ್ ಸರ್ವರ್ ಮಾಡಿದೆವು. ನೆಟ್‌ವರ್ಕ್ ಕಾರ್ಡ್ ಭಾಯಿ ಕೂಡಿಸಿದರು, ಡಿಸ್ಕಿನ ಕಾರ್ಡ್ ನಾನು. ಎರಡೂ ಕಾರ್ಡುಗಳು ಮೆಮೊರಿಯಲ್ಲಿ ಒಂದೇ ವಿಳಾಸ ಹಿಡಿದವು. ಯಾವ ಕೀಲಿ ಒತ್ತಿದರೂ ಸರ್ವರ್ ಅಲುಗದೆ ಕಲ್ಲಿನಂತೆ ಕೂತಿತು. ಭಾಲ್ಕಿ ಬಸ್ಸಿನ ಒಂದೇ ಸೀಟಿಗೆ ಇಬ್ಬರು ಟವೆಲ್ ಎಸೆದ ಹಾಗೆ. ಉಪಾಯ ಸರಳ: ಕಾರ್ಡಿನ ಮೇಲಿನ ಜಂಪರ್ ಎಂಬ ಸಣ್ಣ ಟೊಪ್ಪಿಗೆಯನ್ನು ಕಿತ್ತು ಪಕ್ಕಕ್ಕೆ ಹಾಕಿದರೆ ಆ ಕಾರ್ಡ್ ಮುಂದಿನ ಖಾಲಿ ಜಾಗಕ್ಕೆ ಸರಿಯುತ್ತದೆ. ಯಾರಾದರೊಬ್ಬರು ಸರಿಯಬೇಕು, ಅಷ್ಟೇ.

ಆದರೆ ನಮ್ಮ ಕಡೆಯವರು ಸೀಟಿಗೆ ಜಗಳಾಡಿ, ಬಸ್ಸು ಊರು ದಾಟುವುದರೊಳಗೆ ಇಬ್ಬರೂ "ನೀವು ಕೂಡ್ರಿ" ಎಂದು ಎದ್ದು ನಿಲ್ಲುವವರು. ನಾನು ಚಹಾಕ್ಕೆ ಹೋದಾಗ ಭಾಯಿ ತಮ್ಮ ಕಾರ್ಡ್ ಸರಿಸಿದರು. ಅವರು ನಮಾಜಿಗೆ ಹೋದಾಗ ನಾನು ದೊಡ್ಡಸ್ತಿಕೆಯಿಂದ ನನ್ನದನ್ನು ಸರಿಸಿದೆ. ಒಬ್ಬರಿಗೊಬ್ಬರು ಹೇಳಲಿಲ್ಲ. ಎರಡೂ ಕಾರ್ಡ್ ಮುಂದಿನ ಅದೇ ಜಾಗಕ್ಕೆ ಬಂದು ಸರ್ವರ್ ಮತ್ತೆ ಕೂತಿತು.

ಆಗಲೇ ಬಂದವರು ಠಾಣಾ ಕುಶನೂರದ ಕಾಶಿನಾಥಪ್ಪ. ಅವರ ಮಗಳ ಲಗ್ನಪತ್ರಿಕೆ ಸರ್ವರಿನೊಳಗೆ ಸಿಕ್ಕಿಕೊಂಡಿತ್ತು.

"ಔರಾದ ಬಸ್ಸಿಗಿ ಟವೆಲ್ ಹಾಕಿ ಓಡಿ ಬಂದೀನ್ರಿ. ನಾಳಿ ಬೀಗರಿಗಿ ಕೊಡಬೇಕು. ಪತ್ರಿಕಿ ಎಲ್ರಿ?"

"ಭಾಯಿ ಕಾರ್ಡ್ ಖರಾಬ್ ಅದರಿ. ನಂದೇನೂ ತಪ್ಪಿಲ್ಲ," ಎಂದೆ.

"ಪಾಲುದಾರನ ಬೆನ್ನ ಹಿಂದ ಹಿಂಗೇನ್ರಿ? ನಮ್ಮ ಹುಡುಗಿ ಹೋಗೋ ಮನ್ಯಾಗ ಇಂಥವರು ಇರಬಾರದಪ್ಪಾ!" ಎಂದು ಅವರು ನಕ್ಕರು.

ತಿರುಗಿದರೆ ಬಾಗಿಲಲ್ಲಿ ಭಾಯಿ, ಚಪ್ಪಲಿ ಬಿಡುತ್ತಿದ್ದರು. ಒಳಗೆ ಬಂದು ಸರ್ವರಿನ ಡಬ್ಬಿ ಬಿಚ್ಚಿ ನೋಡಿದರು.

"ನಾ ಆಗಳೇ ಸರದಿದ್ದೆ ಅಣ್ಣಾರ. ನೀವೂ ಸರದೀರಿ. ಇರ್ರಿ, ನಾನೇ ಇನ್ನೊಮ್ಮಿ ಸರೀತೇನಿ."

ಸರಿದರು. ಪತ್ರಿಕೆ ತೆರೆಯಿತು. ಅಚ್ಚಾಗುವುದರೊಳಗೆ ಕಾಶಿನಾಥಪ್ಪನವರ ಟವೆಲ್ ಮಾತ್ರ ಬಸ್ಸಿನಲ್ಲಿ ಔರಾದಿಗೆ ಹೊರಟುಹೋಗಿತ್ತು. ಅವರು ಮುಂದಿನ ಬಸ್ಸಿಗೆ ಪತ್ರಿಕೆಯ ಕಟ್ಟು ಎದೆಗವಚಿಕೊಂಡು ಹೋದರು.

ಈಗಿನ ಕಾರ್ಡುಗಳು ವಿಳಾಸವನ್ನು ತಾವೇ ಹಂಚಿಕೊಳ್ಳುತ್ತವೆ. ಭಾಯಿ ಮಾತ್ರ ಇಂದಿಗೂ ಚಹಾದಂಗಡಿಯ ಬೆಂಚಿನಲ್ಲಿ ನನ್ನನ್ನು ಕಂಡರೆ ಸರಿದು ಜಾಗ ಕೊಡುತ್ತಾರೆ. ಕೂತಾಗಲೆಲ್ಲ ನನ್ನ ಕಿವಿ ಬಿಸಿಯಾಗುತ್ತದೆ. ಆವತ್ತು ಅವರು ಬಾಗಿಲಿಗೆ ಬಂದದ್ದು ನನ್ನ ಮಾತಿಗೆ ಮೊದಲೋ, ಆಮೇಲೋ? ಗೊತ್ತಿಲ್ಲ. ಕೇಳಿಯೂ ಇಲ್ಲ.