ಹಬ್ಬದ ದಿನ ನೀರು ಬಿಟ್ಟವನು

ಮೊಳಕಾಲ್ಮೂರಿನ ನಮ್ಮ ಮಗ್ಗದ ಬೀದಿಗೆ ಇಪ್ಪತ್ತಾರು ವರ್ಷದಿಂದ ನೀರು ಬಿಡುವವನು ಮೌಲಾ ಸಾಬ್. ಸರ್ಕಾರಿ ನೌಕರಿ. ಹಬ್ಬದ ದಿನವೇ ಜನಕ್ಕೆ ನೀರು ಹೆಚ್ಚು ಬೇಕು, ಹಾಗಾಗಿ ನೀರು ಬಿಡುವವರಿಗೆ ಹಬ್ಬವಿಲ್ಲ. ಅದಕ್ಕೇ ಅವನೂ ಜೊತೆಗಾರ ದೊಡ್ಡೀರಪ್ಪನೂ ತಮ್ಮೊಳಗೇ ಮಾತಾಡಿಕೊಂಡಿದ್ದರು. ದೀಪಾವಳಿ, ಸಂಕ್ರಾಂತಿಗೆ ದೊಡ್ಡೀರಪ್ಪನ ಸರದಿ ಬಿದ್ದರೆ ಮೌಲಾ ಸಾಬ್ ಹೋಗುವನು. ರಂಜಾನ್, ಬಕ್ರೀದಿಗೆ ಇವನ ಸರದಿಗೆ ಅವನು. ಹಾಜರಿ ಪುಸ್ತಕದಲ್ಲಿ ಮಾತ್ರ ಸರದಿ ಯಾರದೋ ಅವರೇ ಮರುದಿನ ಸಹಿ ಹಾಕುವುದು.

ಈ ವರ್ಷ ಮೌಲಾ ಸಾಬನ ಹೆಂಡತಿ ಗುಲ್ಷನ್ ಬೀ ಹಾಸಿಗೆ ಹಿಡಿದಳು. ಮಕ್ಕಳಿಲ್ಲದ ಮನೆ. ಇದ್ದಬದ್ದ ರಜೆಯೆಲ್ಲ ಚಳ್ಳಕೆರೆ ಆಸ್ಪತ್ರೆಗೆ ಓಡಾಡಿಯೇ ಮುಗಿದಿತ್ತು. ಇನ್ನು ಹತ್ತು ಹದಿನೈದು ದಿನ ಎಂದು ಡಾಕ್ಟರು ಹೇಳಿದ ಮೇಲೆ ಅವಳ ಪಕ್ಕದಲ್ಲಿ ಇರಬೇಕೆಂಬುದೊಂದೇ ಅವನಿಗೆ. ಹಬ್ಬದ ದಿನ ದುಡಿದವರಿಗೆ ಬದಲಿ ರಜೆ ಉಂಟು ಎಂದು ಯಾರೋ ಹೇಳಿದ್ದರು. ಗಣೇಶನ ಹಬ್ಬದಿಂದ ಶಿವರಾತ್ರಿವರೆಗೆ ಏಳು ದಿನ ಲೆಕ್ಕ ಹಾಕಿ, ಅರ್ಜಿ ಬರೆಸಿಕೊಂಡು ಕಚೇರಿಗೆ ಹೋದ.

ಗುಮಾಸ್ತೆ ಮಾಲತಿ ಪುಸ್ತಕ ತಿರುವಿದಳು.

"ಮೌಲಾ ಸಾಬ್ರೇ, ಏಳು ದಿನಾನೂ ದೊಡ್ಡೀರಪ್ಪನ ಸಹಿ ಐತೆ. ನೀವು ದುಡಿದೀರಿ ಅಂತ ಎಲ್ಲೈತೆ?"

"ಊರಿಗೇ ಗೊತ್ತೈತೆ ಮೇಡಂ."

"ಊರು ಬಂದು ಸಹಿ ಹಾಕಲ್ಲ. ನಾನೇ ದುಡಿದೆ ಅಂತ ಬರಕೊಡ್ರಿ, ಸಾಹೇಬ್ರಿಗೆ ಕಳಿಸ್ತೀನಿ. ಆದ್ರೆ ಸುಳ್ಳು ಸಹಿ ಅಂತ ಮೊದ್ಲು ದೊಡ್ಡೀರಪ್ಪನ ಕುತ್ತಿಗೆಗೆ ಬರ್ತೈತೆ. ಅವನು ರಿಟೈರಾಗೋಕೆ ಇನ್ನು ಮೂರೇ ತಿಂಗಳು. ಸಂಬಳ ಬಿಟ್ಟು ರಜೆ ಹಾಕ್ತೀರಾ?"

"ನೋವಿನ ಇಂಜೆಕ್ಷನ್ನಿಗೆ ದುಡ್ಡು ಎಲ್ಲಿಂದ ತರ್ಲಿ ಮೇಡಂ?"

ಅರ್ಜಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಬಂದ.

ಸುದ್ದಿ ತಿಳಿದು ದೊಡ್ಡೀರಪ್ಪ ಮನೆಗೇ ಬಂದ. "ಬರಕೊಡಲೇ ಸಾಬ. ನನ್ನೇನು ಗಲ್ಲಿಗೆ ಹಾಕ್ತಾರಾ?"

"ಸುಮ್ನಿರಲೇ. ನಿನ್ನ ಪೆನ್ಷನ್ ನಿಂತ್ರೆ ನಿನ್ನ ಹೆಂಡ್ತಿ ಬಂದು ನನ್ನ ಬಾಗಿಲಾಗೆ ಕುಂತು ಬೈತಾಳೆ. ಆ ಬಾಯಿ ನಾನು ತಡೀಲಾರೆ."

ಒಳಗೆ ಗುಲ್ಷನ್ ಬೀ ನಕ್ಕಳು, ನಕ್ಕು ಕೆಮ್ಮಿದಳು.

"ಹಂಗಾದ್ರೆ ನಿನ್ನ ಸರದೀನೂ ನಾನೇ ನೋಡ್ಕೊಂತೀನಿ. ನೀನು ಮನ್ಯಾಗಿರು."

"ಮುಖ ಯಾರದು ತೋರಿಸ್ತೀಯ?"

ಶಿವರಾತ್ರಿ ಕಳೆದ ಮೇಲೆ ಹಾಜರಿಗೆ ಪುಸ್ತಕ ಹೋಗಿ ಫೋನು ಬಂದಿತ್ತು. ಊರಾಚೆಯ ಪಂಪ್‌ಹೌಸಿನಲ್ಲಿ ನಿಂತು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅದಕ್ಕೆ ಮುಖ ತೋರಿಸಬೇಕು. ಕೊನೆಗೆ ಹೀಗೆ ಮಾಡಿಕೊಂಡರು: ವಾಲ್ವ್ ತಿರುಗಿಸುವುದು ದೊಡ್ಡೀರಪ್ಪ, ಮುಖ ತೋರಿಸಿ ಸೈಕಲ್ಲಿನಲ್ಲಿ ಓಡಿ ಬರುವುದು ಮೌಲಾ ಸಾಬ್. ಹೋಗಿಬರಲು ಮುಕ್ಕಾಲು ಗಂಟೆ. ಅಷ್ಟು ಹೊತ್ತು ಪಕ್ಕದ ಮನೆಯವಳಾದ ನಾನು ಗುಲ್ಷನ್ ಬೀಯ ಹತ್ತಿರ ಕೂತಿರುತ್ತಿದ್ದೆ.

ಯುಗಾದಿಯ ಸರದಿ ಮೌಲಾ ಸಾಬನ ಹೆಸರಿಗೇ ಇತ್ತು. ಅವತ್ತು ಬೆಳಿಗ್ಗೆ ಫೋನು ಅವನ ಮುಖ ಒಪ್ಪಲಿಲ್ಲ. ನಿದ್ದೆಗೆಟ್ಟು ಕೆನ್ನೆ ಒಳಗೆ ಹೋಗಿತ್ತು, ಗಡ್ಡ ಬೆಳೆದಿತ್ತು. ಎಣ್ಣೆನೀರು ಹಾಕಿಕೊಂಡು ಬಂದಿದ್ದ ದೊಡ್ಡೀರಪ್ಪ ಹೊಸ ಟವೆಲಿನಲ್ಲಿ ಫೋನು ಒರೆಸಿದನಂತೆ. ಇವನನ್ನು ಬಿಸಿಲಿಗೆ ತಿರುಗಿಸಿ ನಿಲ್ಲಿಸಿದನಂತೆ. ನಾಲ್ಕನೇ ಸಲಕ್ಕೆ ಒಪ್ಪಿತು.

ಇತ್ತ ಗುಲ್ಷನ್ ಬೀ, "ಅಕ್ಕಾ, ಇವ್ರು ಬಂದ್ರಾ?" ಎಂದು ಎರಡು ಸಲ ಕೇಳಿದಳು. "ದಾರಿಯಾಗೆ ಅದಾರೆ" ಎಂದೆ. ಮೂರನೇ ಸಲ ಕೇಳಲಿಲ್ಲ. ಅವನು ಸೈಕಲ್ ನಿಲ್ಲಿಸಿದಾಗ ನಾನು ಅವಳ ಕಣ್ಣು ಮುಚ್ಚಿ ಆಗಿತ್ತು.

ಅವತ್ತು ನಮ್ಮ ಬೀದಿಗೆ ನೀರಿನ ದಿನವಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ನಲ್ಲಿಯಲ್ಲಿ ನೀರು ಬಂತು. ಮಯ್ಯತ್ತಿನ ಕೊನೆಯ ಸ್ನಾನಕ್ಕೆ ಅದೇ ನೀರನ್ನು ಹಿಡಿದರು.

ಮರುದಿನ ಮಾಲತಿ ಮಾತಾಡಿಸಲು ಬಂದಳು. ಎದ್ದು ಹೊರಡುವಾಗ ಸಣ್ಣ ದನಿಯಲ್ಲಿ ಹೇಳಿದಳು: "ಬೆಳಿಗ್ಗೆ ಮುಖ ತೋರಿಸಿದ್ದಕ್ಕೇ ಯುಗಾದಿ ಹಾಜರಿ ನಿಮ್ಮ ಹೆಸರಿಗೆ ಬಿದ್ದೈತೆ. ಒಂದು ದಿನ ಬದಲಿ ರಜೆ ಸಿಗ್ತೈತೆ. ರಂಜಾನಿಗೆ ತಗೊಳ್ರಿ."

ಮೌಲಾ ಸಾಬ್ ಆಗಲೆಂದು ತಲೆಯಾಡಿಸಿದ. ರಜೆ ಮಾತ್ರ ಹಾಕಲಿಲ್ಲ. ರಂಜಾನಿನ ದಿನ ನಮಾಜು ಮುಗಿಸಿಕೊಂಡು ಬಂದವನು ಖಾಲಿ ಮನೆಯ ಬಾಗಿಲಿಗೆ ಚಿಲಕ ಹಾಕಿ ಪಂಪ್‌ಹೌಸಿನ ಕಡೆಗೆ ಸೈಕಲ್ ಹತ್ತಿದ. ಹತ್ತು ಗಂಟೆಗೆ ನಮ್ಮ ಬೀದಿಗೆ ನೀರು ಬಂತು.